ಜಪಾನಿನ ಕೊಳಕ್ಕೆ ಹರಳೆಣ್ಣೆ

ಆ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಗೋಪಿನಾಥ ಹರಳೆಣ್ಣೆಯ ಬಾಟಲಿಯ ಮುಚ್ಚಳ ತೆಗೆಯದೇ ಇದ್ದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಅವನು ತೆಗೆದ. ತಲೆಗೆ ಮಾತ್ರ ಹಚ್ಚಿ ಬಿಟ್ಟಿದ್ದರೂ ಆಗುತ್ತಿತ್ತು. ಕುತ್ತಿಗೆ, ಭುಜ, ಬೆನ್ನು, ಮೊಣಕಾಲು ಎಂದು ಮೈಯೆಲ್ಲಾ ಬಳಿದುಕೊಂಡು, ಮೀರಾ ಮೆಸಾ ಬಡಾವಣೆಯ ತನ್ನ ಮನೆಯ ಬಾತ್‌ರೂಮಿನ ಕನ್ನಡಿಯ ಮುಂದೆ ಹೊಸದಾಗಿ ಎರಕ ಹೊಯ್ದ ವಿಗ್ರಹದ ಹಾಗೆ ಮಿರಮಿರ ಮಿಂಚುತ್ತ ನಿಂತ.

"ರೀ, ಇದೇನ್ರೀ ಅವತಾರ? ಇನ್ನರ್ಧ ಗಂಟೇಲಿ ಹೊರಡ್ಬೇಕು!" ಅಂದಳು ಹೆಂಡತಿ ಉಷಾ.

"ಹೊರಡೋಣ. ಟೊರೆನ್ಸ್‌ಗೆ ಎರಡು ಗಂಟೆ ಡ್ರೈವ್. ಎಣ್ಣೆ ನೆನೆಯೋಕೆ ಇದಕ್ಕಿಂತ ಒಳ್ಳೇ ಟೈಮ್ ಸಿಗುತ್ತಾ? ಅಲ್ಲಿ ಹೋಗ್ತಿದ್ದ ಹಾಗೆ ಬಿಸಿನೀರು. ಸುಡು ಸುಡು ನೀರಿಗೆ ಎಣ್ಣೆ ಇಲ್ದೆ ಇಳಿದ್ರೆ ಉಷ್ಣ ಆಗುತ್ತೆ. ಇವತ್ತು ಶನಿವಾರ ಬೇರೆ, ಗಂಡಸರ ಎಣ್ಣೆಸ್ನಾನದ ದಿನ."

"ಜಪಾನಿನೋರು ಎಣ್ಣೆ ಹಚ್ಕೋತಾರಾ?"

"ಉಷಾ, ನಾನು ಜಪಾನ್‌ನಲ್ಲಿದ್ದಾಗ..." ಎಂದು ಗೋಪಿನಾಥ ಶುರು ಮಾಡಿದ. ಉಷಾ ಬಾಗಿಲು ಹಾಕಿಕೊಂಡಳು.

ಗೋಪಿನಾಥ ಜಪಾನಿನಲ್ಲಿದ್ದದ್ದು ಸುಳ್ಳಲ್ಲ. ಬೆಂಗಳೂರಿಗೆ ಹೋಗುವಾಗ ಒಮ್ಮೆ ನರಿತಾ ವಿಮಾನ ನಿಲ್ದಾಣದಲ್ಲಿ ಆರು ಗಂಟೆ ಕೂತಿದ್ದ. ಆ ಆರು ಗಂಟೆಗೆ ಇನ್ನೂರು ವಿಡಿಯೊಗಳನ್ನು ಸೇರಿಸಿದರೆ ಒಬ್ಬ ತಜ್ಞ ತಯಾರಾಗುತ್ತಾನೆ ಎಂಬುದು ಅವನ ನಂಬಿಕೆ. ಚಾಪೆಯ ಕೋಣೆಯಲ್ಲಿ ಮಲಗುವುದು ಹೇಗೆ, ಗೂಡಿನಂಥ ಹಾಸಿಗೆಯೊಳಗೆ ತೂರುವುದು ಹೇಗೆ, ಊರಿನ ಜನರ ಜೊತೆ ಒಂದೇ ಕೊಳದಲ್ಲಿ ಮೀಯುವುದು ಹೇಗೆ ಎಂದು ಅವನು ಯಾರು ಕೇಳಿದರೂ ಹೇಳುತ್ತಿದ್ದ. ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದ.

ಈ ಸಲ ಆ ವಿದ್ಯೆಗೆ ಬೆಲೆ ಬರುವ ಕಾಲ ಬಂದಿತ್ತು. ಅವರ ಕನ್ನಡ ಬಳಗದ ಹದಿನೆಂಟು ಜನ ನವೆಂಬರ್ ಒಂಬತ್ತಕ್ಕೆ ಎರಡು ವಾರದ ಜಪಾನ್ ಪ್ರವಾಸ ಹೊರಡುವವರಿದ್ದರು. ಮುಂದಾಳು ಯಾರು ಎಂಬುದೊಂದೇ ಬಾಕಿ. ಆ ಸ್ಥಾನಕ್ಕಾಗಿ ಗೋಪಿನಾಥ ಪಡುತ್ತಿದ್ದ ಆಸೆ ನೋಡಿದರೆ ಅಯ್ಯೋ ಅನ್ನಿಸಬೇಕು. ಮೂರು ವರ್ಷದ ಹಿಂದೆ ಬಳಗದ ಪಿಕ್ನಿಕ್ಕಿಗೆ ದಾರಿ ತೋರಿಸುತ್ತೇನೆಂದು ಒಂಬತ್ತು ಕಾರುಗಳನ್ನು ಯಾರದೋ ಶವಸಂಸ್ಕಾರದ ಮೆರವಣಿಗೆಯ ಹಿಂದೆ ಕರೆದುಕೊಂಡು ಹೋಗಿದ್ದ. ಅಂದಿನಿಂದ ಯುಗಾದಿ ಊಟಕ್ಕೆ ಬಾಳೆ ಎಲೆ ತರುವ ಕೆಲಸವನ್ನೂ ಅವನಿಗೆ ಯಾರೂ ವಹಿಸಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಗೋಪಿನಾಥನಿಗೆ ಆನೆ ಬೇಕಿರಲಿಲ್ಲ, ಹದಿನೇಳು ಜನ ತನ್ನ ಹಿಂದೆ ನಂಬಿಕೆಯಿಂದ ನಡೆದರೆ ಸಾಕಿತ್ತು.

ಎದುರಾಳಿ ದಾನಪ್ಪ. ಧಾರವಾಡದ ಕಡೆಯವನು, ಸ್ಯಾನ್ ಪೀಡ್ರೊ ಬಂದರಿನಲ್ಲಿ ಕಂಟೇನರುಗಳನ್ನು ಹಡಗಿನಿಂದ ಲಾರಿಗೆ ಸಾಗಿಸುವ ಉಸ್ತುವಾರಿ. ಸಾವಿರ ಪೆಟ್ಟಿಗೆ ಸಾಗಿಸುವವನಿಗೆ ಹದಿನೆಂಟು ಜನ ಯಾವ ಲೆಕ್ಕ ಎಂದು ಕೆಲವರ ವಾದ. ಬಳಗದ ಅಧ್ಯಕ್ಷೆ ದ್ರಾಕ್ಷಾಯಣಿ ಆಂಟಿ ನ್ಯಾಯವಾಗಿ ಒಂದು ಪರೀಕ್ಷೆ ಇಟ್ಟರು. ಟೊರೆನ್ಸಿನಲ್ಲಿ ನಕಾನೊ ಎಂಬ ಮುದುಕಿ ನಡೆಸುವ ಜಪಾನಿ ವಸತಿಗೃಹವಿತ್ತು. ಚಾಪೆಯ ಕೋಣೆ, ಗೂಡುಹಾಸಿಗೆ, ಬಿಸಿನೀರಿನ ಕೊಳ ಎಲ್ಲವೂ ಅಲ್ಲಿ ಉಂಟು. "ಒಂದು ದಿನ ಅಲ್ಲಿ ಕಳೆಯೋಣ. ಗೋಪಿನಾಥ ಎಲ್ಲಾ ತೋರಿಸ್ಲಿ. ಒಂದು ತೊಂದರೆ ಇಲ್ದೆ ಸಂಜೆ ಆದ್ರೆ ಅವನೇ ಲೀಡರ್. ಇಲ್ಲಾಂದ್ರೆ ದಾನಪ್ಪ" ಎಂದಿದ್ದರು.

ಕಾರಿನ ಸೀಟಿಗೆ ಕಸದ ಚೀಲದ ಪ್ಲಾಸ್ಟಿಕ್ ಹೊದಿಸಿ, ತಲೆಗೆ ಟೋಪಿ ಏರಿಸಿ, ಗೋಪಿನಾಥ ಯುದ್ಧಕ್ಕೆ ಹೊರಟವನಂತೆ ಫ್ರೀವೇ ಹತ್ತಿದ. ಸೀಗೇಪುಡಿಯ ಡಬ್ಬಿ, ಉಳಿದ ಎಣ್ಣೆಯ ಬಾಟಲಿ ಎರಡೂ ಉಷಾಳ ಬ್ಯಾಗಿನಲ್ಲಿದ್ದವು.

ನಕಾನೊ ವಸತಿಗೃಹದ ಪಾರ್ಕಿಂಗಿನಲ್ಲಿ ಮಕ್ಸೂದ್ ಕಾಯುತ್ತಿದ್ದ. ಮೈಸೂರಿನವನು, ಟೊರೆನ್ಸಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಮುದುಕಿಗೆ ಪರಿಚಯದವನಾದ್ದರಿಂದ ಎಲ್ಲರ ಪರವಾಗಿ ಮಾತಾಡಿ ಒಪ್ಪಿಸಿದ್ದವನು ಅವನೇ.

"ಗೋಪಿ, ಇವ್ರು ಯಾವತ್ತೂ ಇಷ್ಟು ದೊಡ್ಡ ಗುಂಪಿಗೆ ಬಿಟ್ಟೋರಲ್ಲ. ನನ್ ಮುಖ ನೋಡಿ ಬಿಟ್ಟಿದಾರೆ. ನಂಗಿಲ್ಲಿ ಹತ್ತು ವರ್ಷದ ಮರ್ಯಾದೆ ಇದೆ ಕಣೋ" ಎಂದ.

"ಯೋಚ್ನೆ ಬಿಡು. ನೀನೂ ಕೊಳಕ್ಕೆ ಬರ್ತೀಯ ತಾನೆ?"

"ಎಲ್ಲರ ಮುಂದೆ ಬಟ್ಟೆ ಬಿಚ್ಚೋದು ನಮಗೆ ಆಗಲ್ಲಪ್ಪ. ನಾನೂ ಅಮ್ಮನೂ ಕಾಲು ನೆನೆಸೋ ತೊಟ್ಟಿ ಹತ್ರ ಆರಾಮಾಗಿರ್ತೀವಿ." ಪಕ್ಕದಲ್ಲೇ ಇದ್ದ ಅವನ ತಾಯಿ ಜೈನಬ್ ಬೀ ಮೂಗೇರಿಸಿ ಗಾಳಿಯನ್ನು ಒಮ್ಮೆ ಎಳೆದುಕೊಂಡು, "ಯಾರೋ ಬಾಣಂತಿ ಬಂದವ್ಳೆ ಅನ್ಸುತ್ತೆ" ಎಂದರು. ಗೋಪಿನಾಥ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

ಒಳಗೆ ಎಲ್ಲರಿಗೂ ಯುಕಾತ ಎಂಬ ಹತ್ತಿಯ ನಿಲುವಂಗಿ ಕೊಟ್ಟರು. ಗೋಪಿನಾಥ ಇದಕ್ಕೆ ಸಿದ್ಧನಾಗಿಯೇ ಬಂದಿದ್ದ. ಎಲ್ಲರನ್ನೂ ಹಜಾರದಲ್ಲಿ ಸಾಲಾಗಿ ನಿಲ್ಲಿಸಿ, ಎದುರು ನಿಂತು ಕೈ ತಟ್ಟಿದ.

"ಎಲ್ಲರೂ ಗಮನ ಕೊಡಿ! ಇದರಲ್ಲಿ ಒಂದೇ ಗುಟ್ಟು. ಒಂದು ಸೆರಗು ಕೆಳಗೆ, ಒಂದು ಮೇಲೆ. ತಪ್ಪಿದ್ರೆ ಮಹಾ ಅಪಶಕುನ. ಬಾಯಲ್ಲಿ ಹೇಳಿದ್ರೆ ಗೊಂದಲ ಆಗುತ್ತೆ. ನನ್ನ ನೋಡ್ಕೊಂಡು ಹಂಗೇ ಮಾಡಿ."

ಅವನು ಬಲಗಡೆಯ ಅಂಚನ್ನು ಮೊದಲು ಮಡಚಿ, ಅದರ ಮೇಲೆ ಎಡಗಡೆಯದನ್ನು ಎಳೆದು ಕಟ್ಟಿದ. ಎದುರಿಗಿದ್ದ ಹದಿನೇಳು ಜನ ಕನ್ನಡಿಯಲ್ಲಿ ನೋಡಿದಂತೆ ಅವನನ್ನೇ ನೋಡಿಕೊಂಡು, ಅಷ್ಟೇ ಶ್ರದ್ಧೆಯಿಂದ, ತಿರುಗುಮುರುಗಾಗಿ ಕಟ್ಟಿಕೊಂಡರು. ಅದೇ ಹೊತ್ತಿಗೆ ಚಹಾದ ತಟ್ಟೆ ಹಿಡಿದು ಒಳಗೆ ಬಂದ ನಕಾನೊ ಮುದುಕಿ ಬಾಗಿಲಲ್ಲೇ ನಿಂತುಬಿಟ್ಟರು. ಅವರ ದೇಶದಲ್ಲಿ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಮುದುಕಿಯ ಕಣ್ಣಿಗೆ ಹದಿನೇಳು ಶವಗಳು ನಗುನಗುತ್ತ ಕೈ ಮುಗಿಯುತ್ತಿದ್ದವು.

ಮಕ್ಸೂದ್ ಓಡಿಬಂದು ವಿಷಯ ತಿಳಿಸಿ ಎಲ್ಲರಿಗೂ ಬಿಚ್ಚಿ ಕಟ್ಟಿಸಿದ. "ನಾನು ಉಟ್ಟಿರೋದು ಸರಿಯಾಗೇ ಇದೆಯಲ್ಲ!" ಎಂದು ಗೋಪಿನಾಥ ವಾದಿಸಿದ.

"ಹೌದಪ್ಪಾ, ನಮ್ಮನ್ನೆಲ್ಲಾ ಸಾಯ್ಸಿ ನೀನೊಬ್ಬ ಬದುಕಿದ್ದೀಯ" ಎಂದರು ದ್ರಾಕ್ಷಾಯಣಿ ಆಂಟಿ. ಆದರೂ ಅವರು ನಕ್ಕರು. ನಕ್ಕರೆ ತೊಂದರೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಗೋಪಿನಾಥ ತೀರ್ಮಾನಿಸಿದ.

ಹೆಂಗಸರು ತಮ್ಮ ಕೊಳದ ಕಡೆಗೆ, ಗಂಡಸರು ತಮ್ಮ ಕಡೆಗೆ ಹೋದರು. ಗಂಡಸರ ಕೊಳದಲ್ಲಿ ಆಗಲೇ ಏಳೆಂಟು ಜಪಾನಿ ಅಜ್ಜಂದಿರು ಕತ್ತಿನವರೆಗೆ ನೀರಿನಲ್ಲಿ ಕೂತು ಕಣ್ಣು ಮುಚ್ಚಿದ್ದರು. ಪ್ರತಿ ಶನಿವಾರ ತಪ್ಪದೆ ಬರುವ ಹಳೆಯ ಗಿರಾಕಿಗಳು. ಅಲ್ಲಿನ ನಿಯಮ ಸರಳ. ಮೊದಲು ಪಕ್ಕದ ಬಚ್ಚಲಿನಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಮರದ ಬಕೆಟ್ಟಿನಿಂದ ನೀರು ಹೊಯ್ದುಕೊಂಡು, ಮೈಯ ಕೊಳೆಯನ್ನೆಲ್ಲಾ ಅಲ್ಲೇ ಕಳೆಯಬೇಕು. ಕೊಳ ನೆನೆಯಲಿಕ್ಕೆ ಮಾತ್ರ. ಮೈಮೇಲೆ ಬಟ್ಟೆ ಕೂಡದು. ಒಂದು ಪುಟ್ಟ ಟವೆಲು ಕೊಡುತ್ತಾರೆ, ಅದನ್ನು ನೀರಿಗೆ ತಾಗಿಸದೆ ತಲೆಯ ಮೇಲೆ ಮಡಚಿ ಇಟ್ಟುಕೊಳ್ಳಬೇಕು. ಮಾನ ಮುಚ್ಚಬೇಕಾದ ಟವೆಲು ತಲೆಗೇರುವ ಈ ಪದ್ಧತಿ ನಮ್ಮವರಿಗೆ ಅರಗಲು ಹತ್ತು ನಿಮಿಷ ಹಿಡಿಯಿತು.

ಮಣೆ, ಬಕೆಟ್ಟು, ಚೊಂಬಿನಂಥ ಮರದ ಬಟ್ಟಲು ನೋಡಿ ಗೋಪಿನಾಥನಿಗೆ ಸಂತೋಷವಾಯಿತು. ಬಾಲ್ಯದಲ್ಲಿ ಅಜ್ಜಿ ಎಣ್ಣೆ ತಿಕ್ಕಿ ನೀರು ಹೊಯ್ಯುತ್ತಿದ್ದ ಬಚ್ಚಲಿಗೇ ಬಂದಂತೆ ಅನ್ನಿಸಿತು. ಸೀಗೇಪುಡಿಗೆಂದು ಕೈ ಚಾಚಿದಾಗಲೇ ನೆನಪಾದದ್ದು, ಅದು ಉಷಾಳ ಬ್ಯಾಗಿನಲ್ಲಿದೆ. ಬ್ಯಾಗು ಹೆಂಗಸರ ಕಡೆ ಇದೆ. ಈಗಿನ ಉಡುಪಿನಲ್ಲಿ ಅಲ್ಲಿಗೆ ಹೋಗುವಂತಿಲ್ಲ.

"ಪರವಾಗಿಲ್ಲ" ಎಂದುಕೊಂಡು ಗೋಡೆಯಲ್ಲಿದ್ದ ದ್ರವಸೋಪನ್ನೇ ಮೂರು ಸಲ ತಿಕ್ಕಿದ. ಕೈಗೆ ಎಟುಕಿದ ಕಡೆಯೆಲ್ಲಾ ತಿಕ್ಕಿದ. ಬೆನ್ನಿನ ನಡುಭಾಗ ಮಾತ್ರ ಎಟುಕಲಿಲ್ಲ. ಅಲ್ಲಿಗೆ ಬೆಳಿಗ್ಗೆ ಎಣ್ಣೆಯನ್ನು ಬಾಟಲಿಯಿಂದಲೇ ಸುರಿದುಕೊಂಡಿದ್ದ.

ಪಕ್ಕದ ಮಣೆಯ ಮೇಲೆ ದಾನಪ್ಪ ಕೂತಿದ್ದ. "ಗೋಪಿನಾಥ್ ಸಾಹೇಬ್ರ, ಬೆನ್ನು ತಿಕ್ಕಲೇನ್ರಿ? ನಿಮ್ಮ ಕೈ ಅಲ್ಲಿ ಮುಟ್ಟಂಗಿಲ್ಲ" ಎಂದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ.

ಆದರೆ ಬರಲಿರುವ ಮುಂದಾಳು ತನ್ನ ಎದುರಾಳಿಯ ಕೈಯಲ್ಲಿ ಬೆನ್ನು ತಿಕ್ಕಿಸಿಕೊಳ್ಳುವುದುಂಟೆ? "ಬೇಡ ಬೇಡ, ಕ್ಲೀನಾಗಿದೆ" ಎಂದು ಗೋಪಿನಾಥ ಎದ್ದ. ಟವೆಲನ್ನು ತಲೆಯ ಮೇಲಿಟ್ಟು, ಗಂಭೀರವಾಗಿ, ಎಲ್ಲರಿಗಿಂತ ಮೊದಲು ನೀರಿಗಿಳಿದ. ಕನ್ನಡಕ ಬಟ್ಟೆಗಳ ಜೊತೆ ಹೊರಗಿತ್ತು.

ಮೊದಲ ಐದು ನಿಮಿಷ ಸ್ವರ್ಗ. ನಮ್ಮವರು ಒಬ್ಬೊಬ್ಬರಾಗಿ ಹಾ ಹೂ ಎನ್ನುತ್ತ ಇಳಿದು ಕೂತರು. ಬಿಸಿಗೆ ಮೈ ಸಡಿಲಾಯಿತು. ಗೋಪಿನಾಥನ ಬೆನ್ನಿನ ಎಣ್ಣೆಯೂ ಸಡಿಲಾಯಿತು. ಅವನ ಸುತ್ತ ನೀರಿನ ಮೇಲೆ, ಸಾರಿನ ಮೇಲೆ ಒಗ್ಗರಣೆ ತೇಲುವ ಹಾಗೆ, ಬಣ್ಣಬಣ್ಣದ ಕಣ್ಣುಗಳು ತೇಲತೊಡಗಿದವು.

"ಸರ್, ಇದೇನು ನೀರಿನ ಮೇಲೆ ಕಾಮನಬಿಲ್ಲು?" ಎಂದು ಸಾಫ್ಟ್‌ವೇರಿನ ಗುರುಕಿರಣ್ ಕೇಳಿದ.

ಕನ್ನಡಕವಿಲ್ಲದ ಗೋಪಿನಾಥ ಕಣ್ಣು ಕಿರಿದು ಮಾಡಿ ನೋಡಿದ. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. "ಮಿನರಲ್ಸ್! ಭೂಮಿಯೊಳಗಿನ ಖನಿಜ. ನೀರು ಒಳ್ಳೇದಿದ್ರೆ ಮಾತ್ರ ಹಿಂಗೆ ಮೇಲೆ ಬರುತ್ತೆ. ಚರ್ಮಕ್ಕೆ ಅಮೃತ. ಸುಮ್ನೆ ಬಿಡ್ಬೇಡಿ, ಹಚ್ಕೊಳ್ಳಿ."

ಬಳಗದ ಎಂಟು ಮಂದಿ ಬೊಗಸೆಯಲ್ಲಿ ತುಂಬಿಕೊಂಡು ಮುಖಕ್ಕೆ, ತೋಳಿಗೆ ತಿಕ್ಕಿಕೊಂಡರು. ಪಕ್ಕದಲ್ಲಿದ್ದ ಜಪಾನಿ ಅಜ್ಜನೂ ಇವರನ್ನು ನೋಡಿ ತಮ್ಮ ಒರಟು ಮೊಣಕೈಗೆ ಒಂದಿಷ್ಟು ಸವರಿಕೊಂಡರು.

ದಾನಪ್ಪ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದ. "ಸಾಹೇಬ್ರ, ಈ ಖನಿಜ ಹರಳೆಣ್ಣಿ ವಾಸನಿ ಬರ್ತದಲ್ರಿ?"

ಗೋಪಿನಾಥ ನಿಧಾನವಾಗಿ ತನ್ನ ಬೆನ್ನು ಮುಟ್ಟಿಕೊಂಡ. ಬೆರಳು ಜಾರಿತು.

ಮುಂದಿನದು ಚಕಚಕನೆ ನಡೆಯಿತು. ನೌಕರನೊಬ್ಬ ಬಂದು ನೋಡಿದ, ಇನ್ನೊಬ್ಬನನ್ನು ಕರೆದ, ಇಬ್ಬರೂ ಸೇರಿ ಎಲ್ಲರನ್ನೂ ಮೇಲೆ ಎಬ್ಬಿಸಿದರು. ಕೊಳ ಖಾಲಿ ಮಾಡಿ, ಉಜ್ಜಿ, ಮತ್ತೆ ತುಂಬಿಸಿ ಕಾಯಿಸಲು ನಾಲ್ಕು ಗಂಟೆ ಬೇಕು ಎಂದರು. ಬೋರ್ಡು ಹಾಕಿದರು. ಜಪಾನಿ ಅಜ್ಜಂದಿರು ಒಂದು ಮಾತೂ ಆಡದೆ ಟವೆಲು ಹಿಡಿದು ಹೊರಟದ್ದೇ ಗೋಪಿನಾಥನನ್ನು ಹೆಚ್ಚು ಚುಚ್ಚಿತು. ಬೈದಿದ್ದರೆ ವಾದ ಮಾಡಬಹುದಿತ್ತು.

ಹಜಾರದಲ್ಲಿ ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು.

"ಹತ್ತು ವರ್ಷದ ಮರ್ಯಾದೆ ಗೋಪಿ, ಹತ್ತು ನಿಮಿಷಕ್ಕೆ ತೊಳೆದುಬಿಟ್ಟೆ" ಎಂದ ಮಕ್ಸೂದ್.

"ತೊಳೀಲಿಲ್ಲ ಅನ್ನೋದೇ ಪ್ರಾಬ್ಲಮ್ಮು" ಎಂದಳು ಉಷಾ. ಅವಳು ಆಗಷ್ಟೇ ಹೆಂಗಸರ ಕೊಳದಿಂದ ಕೆಂಪಗೆ ಹೊಳೆಯುತ್ತ ಬಂದಿದ್ದಳು.

"ದಾನಪ್ಪ, ನೀವು ಪಾಸ್‌ಪೋರ್ಟ್ ಕಾಪಿ ಕಲೆಕ್ಟ್ ಮಾಡೋಕೆ ಶುರು ಮಾಡ್ಬಿಡಿ" ಎಂದು ದ್ರಾಕ್ಷಾಯಣಿ ಆಂಟಿ ಮೆಲ್ಲಗೆ ಹೇಳಿದ್ದು ಗೋಪಿನಾಥನ ಕಿವಿಗೆ ಬಿತ್ತು. ಇನ್ನು ಜನ್ಮದಲ್ಲಿ ಬಾಳೆ ಎಲೆಯೂ ಸಿಗುವುದಿಲ್ಲ ಎನ್ನಿಸಿತು.

ಆದರೆ ಸೋತು ಕೂರುವ ಜಾಯಮಾನ ಅವನದಲ್ಲ. ಎದ್ದು ನೇರವಾಗಿ ನಕಾನೊ ಮುದುಕಿಯ ಮುಂದೆ ಹೋಗಿ ಮಂಡಿಯೂರಿ, ಹಣೆ ಚಾಪೆಗೆ ತಾಗುವಂತೆ ಬಾಗಿದ. ಚಾಪೆಯ ಮೇಲೂ ಒಂದು ಎಣ್ಣೆಯ ಮುದ್ರೆ ಬಿತ್ತು. ಮುದುಕಿ ಅದನ್ನು ನೋಡಿ, ಇಷ್ಟಕ್ಕೂ ಇದು ಏನು, ಯಾಕೆ ಹಚ್ಚಿಕೊಂಡಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕೇಳಬಾರದಿತ್ತು. ಗೋಪಿನಾಥನ ಒಳಗಿನ ತಜ್ಞ ಎದ್ದು ಕೂತ. ಎಣ್ಣೆಸ್ನಾನ ಎಂದರೇನು, ವಾರಕ್ಕೊಮ್ಮೆ ಯಾಕೆ, ಗಂಡಸರಿಗೆ ಯಾವ ದಿನ, ಹೆಂಗಸರಿಗೆ ಯಾವ ದಿನ, ಹಂಡೆಯ ನೀರು ಎಷ್ಟು ಕಾಯಬೇಕು, ಮಿಂದ ಮೇಲೆ ಹೊದ್ದು ಮಲಗಿದರೆ ಎಂಥ ನಿದ್ದೆ ಬರುತ್ತದೆ ಎಂದು ಮುಕ್ಕಾಲು ಗಂಟೆ ಹೇಳಿದ. ಈ ಸಲ ಹೇಳುತ್ತಿದ್ದದ್ದು ವಿಡಿಯೊದಲ್ಲಿ ನೋಡಿದ್ದಲ್ಲ. ಅಜ್ಜಿಯ ಕೈಯಲ್ಲಿ ತಲೆ ಬಡಿಸಿಕೊಂಡವನ ಅನುಭವ. ಆದ್ದರಿಂದಲೋ ಏನೋ, ಹೋಗಲು ಕಾರಿನ ಕೀಲಿ ತೆಗೆದಿದ್ದ ಅಜ್ಜಂದಿರು ಒಬ್ಬೊಬ್ಬರಾಗಿ ಬಂದು ಕೂತರು. ಹೆಂಗಸರ ಕೊಳದಿಂದ ಬಂದ ಅಜ್ಜಿಯರೂ ಸೇರಿಕೊಂಡರು.

ಮೊಣಕೈಗೆ ಎಣ್ಣೆ ನೀರು ಸವರಿಕೊಂಡಿದ್ದ ಅಜ್ಜ ಎದ್ದು ನಿಂತರು. ಓಟಾ ಎಂದು ಅವರ ಹೆಸರು. ಮೊಣಕೈಯನ್ನು ಎಲ್ಲರಿಗೂ ಮುಟ್ಟಿ ತೋರಿಸಿ, ಬೆಣ್ಣೆಯ ಹಾಗಾಗಿದೆ ಎಂದರು. ಆಮೇಲೆ ತಮ್ಮ ತಲೆಯನ್ನು ಗೋಪಿನಾಥನ ಮುಂದೆ ತಗ್ಗಿಸಿದರು.

"ಉಷಾ, ಬಾಟಲಿ!" ಎಂದ ಗೋಪಿನಾಥ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಪೈಕಿ ಅಲ್ಲ ಅವನು. ಅಂಗೈಯಲ್ಲಿ ಸುರಿದು, ಓಟಾ ಅಜ್ಜನ ನೆತ್ತಿಗೆ ಇಟ್ಟು, ತಟ ತಟ ತಟ ಎಂದು ತನ್ನ ಅಜ್ಜಿಯ ತಾಳದಲ್ಲೇ ಬಡಿಯತೊಡಗಿದ. ಎರಡು ನಿಮಿಷಕ್ಕೆ ಅಜ್ಜನ ಗಲ್ಲ ಎದೆಗೆ ತಾಗಿತು. ಮೂರನೆಯ ನಿಮಿಷಕ್ಕೆ ಗೊರಕೆ ಕೇಳಿತು. ಎಂಟು ವರ್ಷದಿಂದ ಮಾತ್ರೆಯಿಲ್ಲದೆ ನಿದ್ದೆ ಕಾಣದ ಮನುಷ್ಯ ಎಂದು ಅವರ ಹೆಂಡತಿ ಬಾಯಿಗೆ ಕೈಯಿಟ್ಟುಕೊಂಡರು. ದಾನಪ್ಪನೇ ಅವರನ್ನು ಕಂಟೇನರಿನಷ್ಟು ಜೋಪಾನವಾಗಿ ಎತ್ತಿಕೊಂಡು ಹೋಗಿ ಗೂಡುಹಾಸಿಗೆಯೊಳಗೆ ತಳ್ಳಿ ಬಂದ.

ಆಮೇಲೆ ಸಾಲು ಹತ್ತಿತು. ಜೈನಬ್ ಬೀ ಸೆರಗು ಸಿಕ್ಕಿಸಿಕೊಂಡು ಅಜ್ಜಿಯರ ಕಡೆಗೆ ಹೊರಟೇಬಿಟ್ಟರು. "ಹಂಗಲ್ಲ ಬೇಟಾ, ಉಗುರು ತಾಗಿಸ್ಬಾರ್ದು" ಎಂದು ಉಷಾಳಿಗೂ ಹೇಳಿಕೊಟ್ಟರು. ಮಕ್ಸೂದ್ ಹತ್ತಿರದ ಇಂಡಿಯನ್ ಅಂಗಡಿಗೆ ಓಡಿ ಆರು ಬಾಟಲಿ ತಂದ. ನಕಾನೊ ಮುದುಕಿಯ ಮಂಡಿಗೂ ಎಣ್ಣೆ ಬಿತ್ತು. ಮುದುಕಿ ಎದ್ದು ಹಜಾರದಲ್ಲಿ ಎರಡು ಸುತ್ತು ನಡೆದು, ಎಲ್ಲರಿಗೂ ಅಕ್ಕಿಯ ಗಂಜಿ, ಸೌತೆಯ ಉಪ್ಪಿನಕಾಯಿ ತರಿಸಿದರು. ಕೊಳ ತುಂಬುವ ಹೊತ್ತಿಗೆ ಅಂಗಳದ ನಲ್ಲಿಯ ಹತ್ತಿರ ಸೀಗೇಪುಡಿಯಲ್ಲಿ ಎಲ್ಲರ ತಲೆಯೂ ತೊಳೆದಾಗಿತ್ತು. ನಮ್ಮವರು, ಅವರು ಎನ್ನದೆ ಗೂಡುಹಾಸಿಗೆಗಳಲ್ಲಿ ಎಲ್ಲರೂ ನಿದ್ದೆ ಹೋದರು. ಗೋಪಿನಾಥನಿಗೆ ಮಾತ್ರ ಮಲಗಲು ಬಿಡುವಾಗಲಿಲ್ಲ. ಇಪ್ಪತ್ತು ತಲೆ ಬಡಿದು ಅವನ ಕೈ ಸೋತಿತ್ತು. ಆದರೆ ಎದೆ ಉಬ್ಬಿತ್ತು.

ಮಧ್ಯಾಹ್ನ ಮೂರೂವರೆಗೆ ದ್ರಾಕ್ಷಾಯಣಿ ಆಂಟಿಯೂ ನಕಾನೊ ಮುದುಕಿಯೂ ಮೂಲೆಯಲ್ಲಿ ಬಹಳ ಹೊತ್ತು ತಲೆಗೆ ತಲೆ ಕೊಟ್ಟು ಮಾತಾಡಿದರು. ಮಧ್ಯೆ ದಾನಪ್ಪನನ್ನು ಕರೆದು ಏನೋ ಕೇಳಿದರು. ಅವನು "ಆಗ್ಲಿ ಬಿಡ್ರಿ, ಛಲೋ ಆತು" ಎಂದು ತಲೆಯಾಡಿಸಿದ. ಬಡಪಾಯಿ ತಾನಾಗಿಯೇ ಹಿಂದೆ ಸರಿದ ಎಂದು ಗೋಪಿನಾಥನಿಗೆ ಅವನ ಮೇಲೆ ಪ್ರೀತಿಯೇ ಉಕ್ಕಿತು.

ಆಂಟಿ ಎಲ್ಲರನ್ನೂ ಹಜಾರಕ್ಕೆ ಸೇರಿಸಿದರು. "ಬೆಳಿಗ್ಗೆ ಆದದ್ದನ್ನ ಮರೆತುಬಿಡೋಣ. ಕೈಲಿದ್ದ ಕೆಲ್ಸ ಕೆಟ್ಟಾಗ ಕೈ ಚೆಲ್ಲದೆ, ಕೆಟ್ಟದ್ದನ್ನೇ ಹಬ್ಬ ಮಾಡೋನು ನಿಜವಾದ ಲೀಡರು. ನವೆಂಬರ್ ಒಂಬತ್ತಕ್ಕೆ ಹೊರಡ್ಬೇಕು. ಎರಡು ವಾರ, ಇಪ್ಪತ್ತು ಜನ. ಗೋಪಿನಾಥನೇ ಮುಂದಾಳು ಆಗ್ಬೇಕೂಂತ ಎಲ್ಲರದ್ದೂ ಒಮ್ಮತ. ಏನಪ್ಪಾ, ಒಪ್ಪಿಗೇನಾ?"

ನಾವು ಹದಿನೆಂಟೇ ಅಲ್ಲವೇ ಎಂದು ಗೋಪಿನಾಥನಿಗೆ ಒಂದು ಕ್ಷಣ ಅನ್ನಿಸಿತು. ತನ್ನ ಹೆಸರು ಕೇಳಿ ಇನ್ನಿಬ್ಬರು ಸೇರಿರಬೇಕು, ಸಹಜವೇ ಎಂದುಕೊಂಡ. ಕಣ್ಣು ತುಂಬಿ ಬಂತು. "ಆಂಟಿ, ಇಪ್ಪತ್ತಲ್ಲ ಇನ್ನೂರು ಜನ ಇದ್ರೂ ನಾನು ರೆಡಿ. ಈ ಗೋಪಿನಾಥ ಒಂದ್ಸಲ ಮಾತು ಕೊಟ್ರೆ ಹಿಂದೆ ತಗೊಳ್ಳೋ ಮಗ ಅಲ್ಲ. ಎಲ್ಲರ ಎದುರು ಹೇಳ್ತಿದೀನಿ, ಒಪ್ಪಿದೆ!" ಎಂದ.

ಚಪ್ಪಾಳೆ ಬಿತ್ತು. ದ್ರಾಕ್ಷಾಯಣಿ ಆಂಟಿ ನಕಾನೊ ಮುದುಕಿಯ ಕಡೆ ತಿರುಗಿ ತಲೆಯಾಡಿಸಿದರು. ಕೂಡಲೇ ಓಟಾ ಅಜ್ಜ ಎದ್ದರು. ಅವರ ಹೆಂಡತಿ ಎದ್ದರು. ಶನಿವಾರದ ಗಿರಾಕಿಗಳೆಲ್ಲಾ ಒಬ್ಬೊಬ್ಬರಾಗಿ ಎದ್ದು ಸಾಲಾಗಿ ನಿಂತು, ಗೋಪಿನಾಥನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಎಣಿಸಿದರೆ ಸರಿಯಾಗಿ ಇಪ್ಪತ್ತು.

"ಇವರದ್ದೊಂದು ಮಂಡಳಿ ಇದೆಯಪ್ಪಾ. ಪ್ರತಿ ನವೆಂಬರ್ ಇಲ್ಲಿ ಬಾಯ್ಲರ್ ರಿಪೇರಿಗೇಂತ ಬಾಗಿಲು ಹಾಕ್ತಾರೆ. ಆವಾಗ ಇವರೆಲ್ಲಾ ಯಾವ್ದಾದ್ರೂ ಒಂದು ದೇಶದ ಸ್ನಾನ ನೋಡೋಕೆ ಹೋಗ್ತಾರಂತೆ. ಹೋದ ವರ್ಷ ಟರ್ಕಿ. ಈ ವರ್ಷ ಎಲ್ಲಿಗೇಂತ ತೀರ್ಮಾನ ಆಗಿರ್ಲಿಲ್ಲ. ನೀನು ಹೇಳಿದ್ದು ಕೇಳಿ ನಮ್ಮೂರಿನ ಎಣ್ಣೆಸ್ನಾನಾನೇ ನೋಡ್ಬೇಕು ಅಂತ ಹಟ ಹಿಡಿದಿದಾರೆ. ಬೆಂಗಳೂರು, ಮೈಸೂರು, ಎರಡು ವಾರ. ಕರ್ಕೊಂಡು ಹೋಗೋನು ನೀನೇ ಆಗ್ಬೇಕಂತೆ."

ಗೋಪಿನಾಥ ದಾನಪ್ಪನ ಕಡೆ ತಿರುಗಿದ. "ಮತ್ತೆ... ಜಪಾನು?"

"ಅದಕ್ಕೇನ್ ಚಿಂತಿ ಮಾಡಬ್ಯಾಡ್ರಿ. ಅದನ್ನ ನಾ ನೋಡ್ಕೋತೀನಿ" ಎಂದ ದಾನಪ್ಪ ಆತ್ಮೀಯವಾಗಿ.

ಗೋಪಿನಾಥ ಹೆಂಡತಿಯ ಕಡೆ ನೋಡಿದ. ಎಲ್ಲರೂ ಕೈಬಿಟ್ಟರೂ ಅವಳು ಬಿಡಲಾರಳು ಎಂಬ ಧೈರ್ಯ ಒಂದು ಮೂಲೆಯಲ್ಲಿತ್ತು. "ಉಷಾ, ನೀನು ನನ್ ಜೊತೆ ಬರ್ತೀಯ ತಾನೆ?"

"ಮಾತು ಕೊಟ್ಟೋರು ನೀವು, ಹೋಗ್ಬನ್ನಿ" ಎಂದಳು ಉಷಾ, ಅವನ ಭುಜ ತಟ್ಟಿ. "ಹಂಗೇ ಅಮ್ಮನ ಮನೇಲಿ ಇಳ್ಕೊಳ್ಳಿ, ಹಂಡೆ ಅಲ್ಲೇ ಇದೆ. ನಾನು ದಾನಪ್ಪನೋರ ಗುಂಪಲ್ಲಿ ಜಪಾನ್ ನೋಡ್ಕೊಂಡು ಬಂದು ಹೇಗಿತ್ತೂಂತ ನಿಮಗೆ ವಿವರವಾಗಿ ಹೇಳ್ತೀನಿ."